ಕೀಲಿನ ಹತ್ತಿರ ಕೆಲಸ, ದೂರದಲ್ಲಿ ಕೈ

ಅಡಿಕೆ ಕತ್ತರಿಸುವಾಗ ನಮ್ಮ ಸೊಸೆ ಹಲ್ಲು ಕಚ್ಚಿಕೊಳ್ಳುತ್ತಾಳೆ. ಅಡಕತ್ತರಿಯ ಬಾಯಿಯ ತುದಿಗೆ ಅಡಿಕೆ ಇಡುತ್ತಾಳೆ, ಹಿಡಿಯನ್ನು ನಡುವಿನಲ್ಲೇ ಹಿಡಿಯುತ್ತಾಳೆ. ಆಮೇಲೆ "ಅತ್ತೆ, ಇದು ಮೊಂಡಾಗಿದೆ" ಅನ್ನುತ್ತಾಳೆ. ಮೊಂಡೂ ಇಲ್ಲ, ಏನೂ ಇಲ್ಲ. ಅಡಿಕೆಯನ್ನು ಕೀಲಿನ ಹತ್ತಿರಕ್ಕೆ ತಳ್ಳಿ, ಹಿಡಿಯ ಕೊನೆಯಲ್ಲಿ ಒತ್ತಿದರೆ ಟಕ್ ಅಂತ ಎರಡು ಹೋಳು. ಕೀಲಿನಿಂದ ಅಡಿಕೆ 1 ಇಂಚು, ಕೈ 6 ಇಂಚು ದೂರ ಇದ್ದರೆ ನೀವು ಹಾಕಿದ ಬಲ 6 ಪಟ್ಟಾಗಿ ಅಡಿಕೆಯ ಮೇಲೆ ಬೀಳುತ್ತದೆ. ಅಡಿಕೆ ಕೀಲಿನಿಂದ 2 ಇಂಚು ದೂರಕ್ಕೆ ಹೋಯಿತೋ, 3 ಪಟ್ಟಿಗೆ ಇಳಿಯಿತು.

ನಮ್ಮ ಅತ್ತೆಯವರು ಶಾಲೆ ಮೆಟ್ಟಿಲು ಹತ್ತಿದವರಲ್ಲ. "ಕೀಲಿನ ಹತ್ರ ಕೆಲಸ, ದೂರದಲ್ಲಿ ಕೈ" ಅಂತ ಅವರು ಒಂದೇ ಮಾತು ಹೇಳುತ್ತಿದ್ದರು. ದಪ್ಪ ರಟ್ಟು ಕತ್ತರಿಸುವಾಗ ಕತ್ತರಿಯ ಬುಡದಲ್ಲಿ ಕತ್ತರಿಸುವುದೂ, ಗಟ್ಟಿ ಬಾಗಿಲನ್ನು ತಿರುಗಣಿಯಿಂದ ದೂರದ ಅಂಚಿನಲ್ಲಿ ತಳ್ಳುವುದೂ ಇದೇ ಲೆಕ್ಕ. ಚಪಾತಿ ಚಿಮಟ ಮಾತ್ರ ಉಲ್ಟಾ. ಅದರಲ್ಲಿ ಬಲ ಕಮ್ಮಿಯಾಗುತ್ತದೆ, ಆದರೆ ಕೈ ಸುಡುವುದಿಲ್ಲ. ನಮಗೆ ಬೇಕಾದ್ದೂ ಅಷ್ಟೇ ಅಲ್ವಾ.

ಬೀರು ಸರಿಸುವ ವಿಷಯಕ್ಕೆ ಬರುತ್ತೇನೆ. ಸೊಂಟ ಹಿಡಿದುಕೊಂಡು ನಾನು 15 ದಿನ ಮಲಗಿದ್ದು ಇದರಿಂದಲೇ. ಮೊದಲು ಬೀರು ಖಾಲಿ ಮಾಡಿ. ಸೀರೆ ತೆಗೆದಿಡೋಕೆ ಬೇಜಾರು ಅಂತ ಹಾಗೇ ನೂಕಬೇಡಿ, ನಾನು ಮಾಡಿದ್ದು ಅದನ್ನೇ. ಆಮೇಲೆ ಹಾರೆ ತನ್ನಿ. ಅದರ ಮೊನೆಯನ್ನು ಬೀರುವಿನ ಅಡಿಗೆ ತೂರಿಸಿ. ಹಾರೆಯ ಕೆಳಗೆ, ಬೀರುವಿಗೆ ಅಂಟಿದ ಹಾಗೆ, ಒಂದು ಮರದ ತುಂಡು ಆನಿಕೆ ಕೊಡಿ. 5 ಅಡಿ ಹಾರೆಯಲ್ಲಿ ಮೊನೆಯ ಕಡೆ ಅರ್ಧ ಅಡಿ ಬಿಟ್ಟು ಆನಿಕೆ ಕೊಟ್ಟರೆ ಕೈ ಕಡೆ ನಾಲ್ಕೂವರೆ ಅಡಿ ಉಳಿಯುತ್ತದೆ. 45 ಕೆಜಿ ಭಾರ ನಿಮ್ಮ ಕೈಗೆ 5 ಕೆಜಿ ಅನ್ನಿಸುತ್ತದೆ. ಇನ್ನೊಬ್ಬರು ಆ ಸಂದಿನಲ್ಲಿ ಮಡಚಿದ ಗೋಣಿಚೀಲ ಸರಿಸಲಿ, ಕೋಲಿನಿಂದ, ಬೆರಳು ಒಳಗೆ ಹಾಕದೆ. ನಾಲ್ಕೂ ಕಾಲಿಗೆ ಗೋಣಿ ಬಂದರೆ ಬೀರು ನೆಲದ ಮೇಲೆ ಜಾರಿಕೊಂಡು ಹೋಗುತ್ತದೆ. ಆದರೆ ಪುಕ್ಕಟೆ ಏನೂ ಸಿಗುವುದಿಲ್ಲ. ಬೀರು 1 ಇಂಚು ಏಳಬೇಕಾದರೆ ನಿಮ್ಮ ಕೈ 9 ಇಂಚು ಇಳಿಯಬೇಕು. ಬಲ ಉಳಿಸಿದಷ್ಟೂ ದಾರಿ ಜಾಸ್ತಿ. ಅದಕ್ಕೇ ಇಂಥ ಕೆಲಸಕ್ಕೆ ಅವಸರದವರನ್ನು ಕರೆಯಬಾರದು.

ಬಾವಿಯ ರಾಟೆ ಭಾರ ಕಮ್ಮಿ ಮಾಡುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಕೊಡದಲ್ಲಿ 12 ಲೀಟರ್ ನೀರಿದ್ದರೆ 12 ಕೆಜಿ, ಜೊತೆಗೆ ಕೊಡದ ತೂಕ, ಅಷ್ಟನ್ನೂ ಎಳೆಯಲೇಬೇಕು. ಅನುಕೂಲ ಏನಪ್ಪಾ ಅಂದರೆ, ಬಗ್ಗಿ ಮೇಲಕ್ಕೆ ಎಳೆಯುವ ಬದಲು ನೆಟ್ಟಗೆ ನಿಂತು ಕೆಳಕ್ಕೆ ಎಳೆಯಬಹುದು. ಮೈಭಾರವೇ ಅರ್ಧ ಕೆಲಸ ಮಾಡುತ್ತದೆ. ಕಿರ್ ಅನ್ನುವ ರಾಟೆ ಇನ್ನಷ್ಟು ಭಾರ, ಹಾಗಾಗಿ ತಿಂಗಳಿಗೊಮ್ಮೆ ಅಚ್ಚಿಗೆ ಎರಡು ಹನಿ ಎಣ್ಣೆ ಬಿಡಿ. ಹಿಂದೆ ಕಪಿಲೆ ಬಾವಿಯಲ್ಲಿ ಎತ್ತುಗಳಿಗೂ ಇದೇ ಉಪಾಯ ಮಾಡಿದ್ದರು. ತುಂಬಿದ ಚರ್ಮದ ಚೀಲ ಮೇಲೆ ಬರುವಾಗ ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತಿದ್ದವು. ಖಾಲಿ ಚೀಲ ಬಾವಿಗೆ ಇಳಿಯುವಾಗ ದಿಬ್ಬ ಹತ್ತುತ್ತಿದ್ದವು.

ಶ್ಯಾವಿಗೆ ಬಗ್ಗೆ ಹೇಳದೆ ಬಿಟ್ಟರೆ ನನಗೆ ಸಮಾಧಾನ ಇಲ್ಲ. ತವರುಮನೆಯಲ್ಲಿ ಮರದ ಶ್ಯಾವಿಗೆ ಒರಳು ಇತ್ತು. ಉದ್ದನೆಯ ತೊಲೆಯ ತುದಿಯಲ್ಲಿ ನನ್ನ ತಮ್ಮನನ್ನು ಕೂರಿಸುತ್ತಿದ್ದರು. ಅವನು ಕೂತರೆ ಶ್ಯಾವಿಗೆ ಇಳಿಯುತ್ತಿತ್ತು, ನಗಾಡಿಕೊಂಡು ಎದ್ದರೆ ನಿಲ್ಲುತ್ತಿತ್ತು, ಅಜ್ಜಿ ಬೈಯುತ್ತಿದ್ದರು. ಈಗ ನನ್ನ ಹತ್ತಿರ ಇರುವುದು ತಿರುಪಿನ ಒರಳು. ಅದರ ಹಿಡಿಯಲ್ಲಿ ಕೈ ಒಂದು ಸುತ್ತು ಬಂದರೆ ಹತ್ತಿರ ಹತ್ತಿರ 3 ಅಡಿ ದಾರಿ. ತಿರುಪು ಇಳಿಯುವುದು ಕಾಲು ಇಂಚಿನಷ್ಟು. ಲೆಕ್ಕ ಹಾಕಿದರೆ ಬಲ 100 ಪಟ್ಟಿಗೂ ಮೇಲೆ. ಉಜ್ಜಾಟಕ್ಕೆ ಅದರಲ್ಲಿ ಬಹಳಷ್ಟು ಹೋಗುತ್ತದೆ. ಆದರೂ ತಮ್ಮ ಬೇಕಾಗಿಲ್ಲ, 70 ದಾಟಿದ ನಾನೊಬ್ಬಳೇ ಸಾಕು. ತಿರುಪಿನ ಸುತ್ತುಗೆರೆಗಳಿಗೆ ಕೊಬ್ಬರಿ ಎಣ್ಣೆ ಸವರಿ. ಬೆಂದ ಉಂಡೆಯನ್ನು ಬಿಸಿ ಇರುವಾಗಲೇ ಹಾಕಿ. ಆರಿದ ಹಿಟ್ಟಿನ ಮುಂದೆ ಯಾವ ಯಂತ್ರವೂ ನಡೆಯುವುದಿಲ್ಲ.

ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಿದವರು ಕುಂಬಳಕಾಯಿ ದಿನ ಕೆಳಗಿಳಿಸಿ. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದರೆ ಎರಡೂ ಕೈ ಕಾಯಿಗೇ ಸಿಗುತ್ತವೆ. ಅಲಗು ಅಂದರೆ ಬೆಣೆಯೇ, ತೆಳ್ಳಗಿದ್ದಷ್ಟೂ ಸಲೀಸು. ಮೊಂಡು ಚಾಕುವಿಗೆ ಜಾಸ್ತಿ ಒತ್ತಬೇಕು, ಒತ್ತಿದಾಗ ಜಾರುತ್ತದೆ, ಜಾರಿದರೆ ಬೆರಳಿಗೇ. ಸಾಣೆಕಲ್ಲು ಇಲ್ಲವಾದರೆ ಪಿಂಗಾಣಿ ಕಪ್ಪಿನ ಅಡಿಯ ಒರಟು ಅಂಚಿನಲ್ಲಿ ನಾಲ್ಕು ಸಲ ಮಸೆಯಿರಿ.

ಬಿಗಿದ ನಟ್ಟು ಬಿಚ್ಚಲು ಪಾನಾದ ಹಿಡಿಗೆ ಒಂದು ಪೈಪ್ ತುಂಡು ತೊಡಿಸಿ ಉದ್ದ ಮಾಡಿಕೊಳ್ಳಿ. ಬಿಗಿ ಮಾಡುವಾಗ ಮಾತ್ರ ಈ ಜಾಣತನ ಬೇಡ. ಪ್ಲಾಸ್ಟಿಕ್ ನಲ್ಲಿಯನ್ನು ಹೀಗೆ ಬಿಗಿಯಲು ಹೋಗಿ ಅದು ಲಟ್ ಅಂತ ಮುರಿದು, ಅಡುಗೆಮನೆಯೆಲ್ಲ ನೀರು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯೋಕೆ ಇಷ್ಟೆಲ್ಲ ಬೇಡ, ಸುತ್ತ ರಬ್ಬರ್ ಬ್ಯಾಂಡ್ ಹಾಕಿ ತಿರುಗಿಸಿ, ಸಾಕು.

ನಮ್ಮ ಯಜಮಾನರಿಗೆ ಗಾಲಿಕುರ್ಚಿ ಬಂದ ವರ್ಷ ಜಗಲಿಗೆ ಇಳಿಜಾರು ಕಟ್ಟಿಸಿದೆವು. ಜಗಲಿ ಒಂದೂವರೆ ಅಡಿ ಎತ್ತರ. ಗಾರೆ ಕೆಲಸದವರು ಜಾಗ ಉಳಿಸಿ 5 ಅಡಿಯಲ್ಲೇ ಮುಗಿಸಿಬಿಟ್ಟರು. ನೋಡಲು ಚೆಂದವಾಗಿತ್ತು. ಆದರೆ ಕುರ್ಚಿ ಹತ್ತಿಸಲು ಇಬ್ಬರು ಬೇಕು, ಇಳಿಸುವಾಗ ಜೀವ ಬಾಯಿಗೆ ಬರುತ್ತಿತ್ತು. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು ಅನ್ನುವುದು ನನಗೆ ಗೊತ್ತಾಗಿದ್ದು ಆಮೇಲೆ. ನಮ್ಮ ಲೆಕ್ಕಕ್ಕೆ 18 ಅಡಿ. ಅಂಗಳ ಅಷ್ಟು ಉದ್ದ ಎಲ್ಲಿದೆ? ಕೊನೆಗೆ ಗೋಡೆ ಪಕ್ಕ 9 ಅಡಿ ಹೋಗಿ, ಅಲ್ಲಿ ಕುರ್ಚಿ ತಿರುಗುವಷ್ಟು ಸಮತಟ್ಟು ಜಾಗ ಬಿಟ್ಟು, ವಾಪಸ್ 9 ಅಡಿ ಬರುವ ಹಾಗೆ ಕಟ್ಟಿಸಿದೆವು. ಪಕ್ಕಕ್ಕೆ ಹಿಡಿಕಂಬಿಯೂ ಬಂತು. ಮಳೆಯಲ್ಲಿ ಜಾರದಂತೆ ಸಿಮೆಂಟ್ ಹಸಿ ಇರುವಾಗಲೇ ಪೊರಕೆಯಿಂದ ಅಡ್ಡ ಗೆರೆ ಎಳೆಸಿ, ಅದನ್ನು ಮರೆಯಬೇಡಿ.

ಅವರು ಹೋಗಿ 4 ವರ್ಷ ಆಯಿತು. ಇಳಿಜಾರು ಹಾಗೇ ಇದೆ. ಅಕ್ಕಿ ಮೂಟೆ ಕೈಗಾಡಿಯಲ್ಲಿ ಅದರ ಮೇಲೇ ಬರುತ್ತದೆ, ಮಗ ಸ್ಕೂಟರ್ ಹತ್ತಿಸುತ್ತಾನೆ. ಮೊಣಕಾಲು ನೋಯುವ ದಿನ ನಾನೂ ಮೆಟ್ಟಿಲು ಬಿಟ್ಟು, ಕಂಬಿ ಹಿಡಿದು, ಆ ಕಡೆಯಿಂದಲೇ ಸುತ್ತಿ ಬರುತ್ತೇನೆ.