ಕೆಂಪು ಹೂಗಳ ಫೋಟೋದಲ್ಲಿ ಎಸಳಿನ ವಿವರ ಉಳಿಸಿಕೊಂಡ ಬಗೆ

ಸಸ್ಯೋದ್ಯಾನದಲ್ಲಿ ವಸಂತಕಾಲದ ಕಡುಗೆಂಪು ಹೂಗಳನ್ನು ಬಿಸಿಲಿನಲ್ಲಿ ಸೆರೆಹಿಡಿದಾಗಲೆಲ್ಲ ಎಸಳಿನ ನರಗಳೂ ಮಡಿಕೆಗಳೂ ಅಳಿಸಿಹೋಗಿ, ಇಡೀ ಹೂವು ಬಣ್ಣ ಬಳಿದ ಕಾಗದದ ತುಂಡಿನಂತೆ ಕಾಣುತ್ತಿತ್ತು. ಫೋಕಸ್ ಬದಲಿಸಿದರೂ, ಟ್ರೈಪಾಡ್ ಬಳಸಿದರೂ, ಎಡಿಟಿಂಗ್‌ನಲ್ಲಿ ಶಾರ್ಪ್‌ನೆಸ್ ಏರಿಸಿದರೂ ಪ್ರಯೋಜನವಾಗಲಿಲ್ಲ. ಕ್ಯಾಮೆರಾದ ಸಾಮಾನ್ಯ ಹಿಸ್ಟೋಗ್ರಾಂ (ಚಿತ್ರದಲ್ಲಿ ಕತ್ತಲೆ-ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ) ಎಲ್ಲವೂ ಸರಿಯಿದೆ ಎಂದೇ ತೋರಿಸುತ್ತಿತ್ತು. ಅದು ಒಟ್ಟು ಬೆಳಕಿನ ಲೆಕ್ಕವಾದ್ದರಿಂದ ಮತ್ತು ಅದರಲ್ಲಿ ಹಸಿರಿನ ಪಾಲೇ ಹೆಚ್ಚಾದ್ದರಿಂದ, ಕೆಂಪೊಂದೇ ಮಿತಿಮೀರಿ ಎಸಳಿನ ವಿವರ ಅಳಿಸಿದ್ದು ಅಲ್ಲಿ ಗೊತ್ತಾಗುವುದಿಲ್ಲ.

ಕೊನೆಗೆ ಫಲ ಕೊಟ್ಟ ಕ್ರಮವೆಂದರೆ, ಮೊದಲು ರಾ ಫಾರ್ಮ್ಯಾಟ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್) ಆರಿಸಿ, ಚಿತ್ರದ ಬಣ್ಣದ ಗಾಢತೆ ನಿರ್ಧರಿಸುವ ಪಿಕ್ಚರ್ ಸ್ಟೈಲನ್ನು ನ್ಯೂಟ್ರಲ್‌ಗೆ ತಂದು, ಬಳಿಕ ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆಯಾಗಿ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಂ ನೋಡುತ್ತ, ಕೆಂಪು ರೇಖೆ ಬಲ ಅಂಚನ್ನು (ಬೆಳಕಿನ ಗರಿಷ್ಠ ಮಿತಿಯನ್ನು) ಬಿಟ್ಟು ಒಳಗೆ ಸರಿಯುವವರೆಗೆ ಚಿತ್ರದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು 1/3 ಸ್ಟಾಪ್‌ನಂತೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸುತ್ತ ಹೋಗುವುದು. ನೇರ ಬಿಸಿಲಿನಲ್ಲಿ ನನಗೆ ಅದು ಸಾಮಾನ್ಯವಾಗಿ −1 ಸ್ಟಾಪ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಆಗ ಎಲೆಗಳು ಕಪ್ಪಾಗಿ ಕಂಡರೆ ಎಡಿಟಿಂಗ್‌ನಲ್ಲಿ ಶ್ಯಾಡೋಸ್ (ನೆರಳಿನ ಭಾಗಗಳ ಬೆಳಕು) ಮಾತ್ರ ಏರಿಸಬೇಕು. ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸಿದರೆ ಎಸಳಿನ ನರಗಳು ಮತ್ತೆ ಮಾಯವಾಗುತ್ತವೆ.