ಮಾಲ್ದೀವ್ಸ್‌ಗೆ ಹೊರಟಿರಾ? ವಿಮಾನಕ್ಕಿಂತ ಮೊದಲು ಬೋಟು ನೋಡಿ

ಮಂಗಳೂರು, ಉಡುಪಿ ಕಡೆಯಿಂದ ಮಾಲ್ದೀವ್ಸ್‌ಗೆ ಹೋಗುವವರು ಈಗ ಜಾಸ್ತಿಯಾಗಿದ್ದಾರೆ. ಹೊಸತಾಗಿ ಮದುವೆಯಾದವರು, ಗಲ್ಫಿನಿಂದ ರಜೆಗೆ ಬಂದವರು, ಮಕ್ಕಳ ಪರೀಕ್ಷೆ ಮುಗಿಯುವುದನ್ನೇ ಕಾಯುತ್ತಿದ್ದವರು. ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಅಗ್ಗದ ವಿಮಾನ ಟಿಕೆಟ್ ಕಂಡ ಕೂಡಲೇ ಬುಕ್ ಮಾಡುತ್ತಾರೆ, ದ್ವೀಪಕ್ಕೆ ಬೋಟು ಎಷ್ಟು ಗಂಟೆಗೆ ಅಂತ ಆಮೇಲೆ ಕೇಳುತ್ತಾರೆ. ಅಷ್ಟರಲ್ಲಿ ದುಡ್ಡು ಹೋಗಿ ಆಗಿರುತ್ತದೆ.

ದೊಡ್ಡ ರೆಸಾರ್ಟಿಗೆ ಹೋಗುವವರಿಗೆ ಈ ಲೇಖನ ಅಷ್ಟಾಗಿ ಬೇಡ. ಅಲ್ಲಿ ಕರೆದುಕೊಂಡು ಹೋಗಿ ಬಿಡುವವರೆಗೆ ಅವರೇ ನೋಡಿಕೊಳ್ಳುತ್ತಾರೆ. ನಮ್ಮಂಥ ಮಧ್ಯಮ ವರ್ಗದವರಿಗೆ ಸರಿಯಾದದ್ದು ಊರ ಜನರೇ ವಾಸವಿರುವ ದ್ವೀಪಗಳ ಗೆಸ್ಟ್‌ಹೌಸ್. 2009ರ ಸುಮಾರಿಗೆ ಅಲ್ಲಿನ ಸರ್ಕಾರ ಇದಕ್ಕೆ ಅವಕಾಶ ಕೊಟ್ಟ ಮೇಲೆ ಸಾಮಾನ್ಯರೂ ಹೋಗಿಬರುವ ಹಾಗಾಯಿತು. ಆದರೆ ಇಲ್ಲಿ ಎಲ್ಲವನ್ನೂ ನೀವೇ ಹೊಂದಿಸಿಕೊಳ್ಳಬೇಕು.

ಹಂತ 1: ತಿಂಗಳು

ಡಿಸೆಂಬರಿನಿಂದ ಏಪ್ರಿಲ್. ನಮಗೆ ಮಳೆ ತರುವ ನೈಋತ್ಯ ಮಾರುತ ಅಲ್ಲಿಯೂ ಮೇಯಿಂದ ಅಕ್ಟೋಬರ್‌ವರೆಗೆ ಬೀಸುತ್ತದೆ. ಮಲ್ಪೆಯಲ್ಲಿ ಟ್ರಾಲ್‌ಬೋಟುಗಳನ್ನು ಕಟ್ಟಿಹಾಕುವ ಜೂನ್, ಜುಲೈಯಲ್ಲಿ ಅರ್ಧ ಬೆಲೆಗೆ ಪ್ಯಾಕೇಜ್ ಸಿಕ್ಕಿತು ಅಂತ ಹೊರಡಬೇಡಿ. ರಂಜಾನ್ ಯಾವಾಗ ಅಂತಲೂ ನೋಡಿಕೊಳ್ಳಿ. ಆ ತಿಂಗಳು ಊರಿರುವ ದ್ವೀಪಗಳಲ್ಲಿ ಹಗಲು ಹೆಚ್ಚಿನ ಹೋಟೆಲುಗಳು ಮುಚ್ಚಿರುತ್ತವೆ. 2027ರಲ್ಲಿ ಅದು ಫೆಬ್ರವರಿ ಎರಡನೇ ವಾರದ ಆಸುಪಾಸು ಶುರುವಾಗುತ್ತದೆ.

ಹಂತ 2: ದ್ವೀಪ

ಸುಮಾರು 1,200 ಪುಟ್ಟ ದ್ವೀಪಗಳು ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಉದ್ದಕ್ಕೆ ಹರಡಿಕೊಂಡಿವೆ. ಹಾಗಾಗಿ ಫೋಟೋ ನೋಡಿ ದ್ವೀಪ ಆರಿಸಬೇಡಿ, ರಾಜಧಾನಿ ಮಾಲೆಯಿಂದ ಎಷ್ಟು ದೂರ ಅಂತ ನೋಡಿ ಆರಿಸಿ. ಮೊದಲ ಸಲ ಹೋಗುವವರಿಗೆ ಮಾಫುಶಿ ಸಾಕು. ಸ್ಪೀಡ್‌ಬೋಟಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದು, ದಿನಕ್ಕೆ ಹಲವು ಬೋಟುಗಳಿವೆ. ಸಸ್ಯಾಹಾರಿಗಳಿಗೆ ನಾನು ಹೇಳುವುದು ತೊಡ್ಡು. ಅದು ಕೃಷಿಯ ದ್ವೀಪ, ಕಲ್ಲಂಗಡಿಗೂ ಪಪ್ಪಾಯಕ್ಕೂ ಹೆಸರುವಾಸಿ. ತಿಮಿಂಗಿಲ ಶಾರ್ಕ್ ನೋಡಲೇಬೇಕು ಅನ್ನುವವರಿಗೆ ದಕ್ಷಿಣ ಆರಿ ಎಂಬ ಹವಳದ್ವೀಪಗಳ ಗುಂಪಿನ ಧಿಗುರಾ.

ಹುಲ್ಹುಮಾಲೆಯಲ್ಲಿ ರೂಮು ಅಗ್ಗಕ್ಕೆ ಸಿಗುತ್ತದೆ. ಅದು ಕಡಲಿಗೆ ಮರಳು ತುಂಬಿಸಿ ಕಟ್ಟಿದ ಪಟ್ಟಣ. ಒಂದು ರಾತ್ರಿ ತಂಗಲು ಒಳ್ಳೆಯದು. ಪೂರ್ತಿ ರಜೆ ಅಲ್ಲಿ ಕಳೆಯಬೇಡಿ.

ಹಂತ 3: ಬೋಟು ಮತ್ತು ವಿಮಾನ

ಇದನ್ನು ನಿಧಾನಕ್ಕೆ ಓದಿ.

ಅಲ್ಲಿನ ವೆಲಾನಾ ವಿಮಾನ ನಿಲ್ದಾಣ ಇರುವುದೇ ಒಂದು ದ್ವೀಪದ ಮೇಲೆ. ಹೊರಗೆ ಬಂದರೆ ಹತ್ತಿರದಲ್ಲೇ ಜೆಟ್ಟಿ. ಅಲ್ಲಿಂದ ಮುಂದೆ ಹೋಗಲು ದಾರಿ ಮೂರು. ಸರ್ಕಾರಿ ಫೆರಿ ತುಂಬಾ ಅಗ್ಗ, ಆದರೆ ನಿಧಾನ. ಮಾಫುಶಿಗೇ ಒಂದೂವರೆ ಗಂಟೆ ಬೇಕು. ಅದು ಹೊರಡುವುದು ಮಾಲೆ ಪೇಟೆಯಿಂದ, ಶುಕ್ರವಾರ ಇರುವುದಿಲ್ಲ. ಎರಡನೆಯದು ಎಲ್ಲರೂ ಹಂಚಿಕೊಂಡು ಹೋಗುವ ಸ್ಪೀಡ್‌ಬೋಟು. ನೀವು ಹಿಡಿಯಬೇಕಾದದ್ದು ಇದನ್ನೇ. ಮೂರನೆಯದು ವಿಮಾನ. ಅದರಲ್ಲೂ ನೀರಿನ ಮೇಲೆ ಇಳಿಯುವ ಸೀಪ್ಲೇನ್ ಕತ್ತಲಾದ ಮೇಲೆ ಹಾರುವುದೇ ಇಲ್ಲ.

ಸ್ಪೀಡ್‌ಬೋಟಿಗೂ ಹೊತ್ತು ಗೊತ್ತು ಉಂಟು. ದೂರದ ದ್ವೀಪಗಳಿಗೆ ದಿನಕ್ಕೆ ಒಂದೋ ಎರಡೋ ಬೋಟು, ಶುಕ್ರವಾರದ ವೇಳಾಪಟ್ಟಿಯೇ ಬೇರೆ. ಒಂದು ದಿನ ಸಂಜೆ ಏಳರ ಹೊತ್ತಿಗೆ ಆ ಜೆಟ್ಟಿಯಲ್ಲಿ ನಮ್ಮೂರ ಕಡೆಯ ಒಂದು ಕುಟುಂಬವನ್ನು ನೋಡಿದೆ. ಅಜ್ಜಿ ಸೂಟ್‌ಕೇಸಿನ ಮೇಲೆ ಕೂತಿದ್ದರು, ಮಗು ಟ್ರಾಲಿಯಲ್ಲೇ ನಿದ್ದೆ ಹೋಗಿತ್ತು. ಅಪ್ಪ ಒಂದೊಂದು ಕೌಂಟರಿಗೂ ಹೋಗಿ, ‘ಧಿಗುರಾ, ಧಿಗುರಾ’ ಅಂತ ಕೇಳುತ್ತಿದ್ದರು. ಆ ದಿನದ ಬೋಟು ಮಧ್ಯಾಹ್ನವೇ ಹೋಗಿತ್ತು. ಅವರೊಬ್ಬರಿಗೇ ಬೋಟು ಗೊತ್ತುಮಾಡಿದರೆ ನೂರಾರು ಡಾಲರ್. ದ್ವೀಪದ ರೂಮಿಗೆ ಕೊಟ್ಟ ಹಣ ಅತ್ತ ಹೋಯಿತು, ಇತ್ತ ಪೇಟೆಯಲ್ಲಿ ಇನ್ನೊಂದು ರೂಮು ಮಾಡಬೇಕಾಯಿತು. ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಹೋಗುವಾಗ ಹೀಗಾಗಬಾರದು.

ಆದ್ದರಿಂದ ಮೊದಲು ಗೆಸ್ಟ್‌ಹೌಸಿಗೆ ವಾಟ್ಸ್ಆ್ಯಪ್ ಮಾಡಿ. ಮುಂಗಡ ಕೊಡುವ ಮೊದಲು ಇಷ್ಟನ್ನು ಬರವಣಿಗೆಯಲ್ಲಿ ಕೇಳಿ: ನಾವು ಬರುವ ದಿನ ಬೋಟು ಎಷ್ಟೆಷ್ಟು ಗಂಟೆಗೆ? ಹೊರಡುವುದು ಏರ್‌ಪೋರ್ಟಿನಿಂದಲಾ, ಮಾಲೆ ಪೇಟೆಯಿಂದಲಾ? ಕೊನೆಯ ಬೋಟು ಯಾವುದು? ವಿಮಾನ ತಡವಾದರೆ ಏನು ಮಾಡುತ್ತೀರಿ? ಸೀಟು ನೀವೇ ಹಿಡಿದಿಡುತ್ತೀರಾ? ‘ಬನ್ನಿ, ನೋಡೋಣ’ ಅನ್ನುವ ಗೆಸ್ಟ್‌ಹೌಸ್ ಬೇಡ. ಸಮಯ, ದರ ಎರಡನ್ನೂ ಬರೆದು ಕಳಿಸುವವರನ್ನೇ ಆರಿಸಿ.

ಉತ್ತರ ಬಂದ ಮೇಲೆ ಟಿಕೆಟ್ ಹುಡುಕಿ. ವಿಮಾನ ಇಳಿಯುವುದಕ್ಕೂ ಬೋಟು ಹೊರಡುವುದಕ್ಕೂ ನಡುವೆ ಕನಿಷ್ಠ ಎರಡು ಗಂಟೆ ಇರಲಿ. ಇಮಿಗ್ರೇಶನ್ ಸಾಲು, ಲಗೇಜು, ಕಸ್ಟಮ್ಸ್ ಎಲ್ಲ ಆಗಬೇಕಲ್ವಾ? ನೀವು ಹಿಡಿಯುವುದು ಆ ದಿನದ ಕೊನೆಯ ಬೋಟಾಗದಿದ್ದರೆ ಇನ್ನೂ ಒಳ್ಳೆಯದು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಟಿಕೆಟ್ಟಿನಲ್ಲಿ ಇಳಿಯುವ ಹೊತ್ತು ಅಲ್ಲಿನದ್ದೇ ಇರುತ್ತದೆ.

ಬರುವಾಗಲೂ ಇದೇ ಲೆಕ್ಕ ಹಾಕಿ. ಬೆಳಗಿನ ಮೊದಲ ಬೋಟು ಏರ್‌ಪೋರ್ಟ್ ಮುಟ್ಟಿದ ಮೇಲೆ ಮೂರು ಗಂಟೆ ಬಿಟ್ಟು ವಿಮಾನ ಹಿಡಿಯಿರಿ. ಬೆಳಗ್ಗೆಯೇ ವಿಮಾನ ಇದ್ದರೆ ಹಿಂದಿನ ದಿನವೇ ಬಂದು ಹುಲ್ಹುಮಾಲೆಯಲ್ಲಿ ಮಲಗಿ. ಅಲ್ಲಿಂದ ಏರ್‌ಪೋರ್ಟಿಗೆ ರಸ್ತೆಯೇ ಇದೆ. 2018ರಲ್ಲಿ ಸೇತುವೆ ಆದ ಮೇಲೆ ಮಾಲೆ ಪೇಟೆಯಿಂದಲೂ ಟ್ಯಾಕ್ಸಿಯಲ್ಲೇ ಬರಬಹುದು.

ಈ ಬದಿಯ ಪ್ರಯಾಣವನ್ನೂ ಮರೆಯಬೇಡಿ. ಬಜ್ಪೆಯಿಂದ ಬೆಂಗಳೂರಿಗೆ ಹೋಗಿ ಮಾಲೆ ವಿಮಾನ ಹಿಡಿಯುವುದು, ಇಲ್ಲವಾದರೆ ರೈಲಿನಲ್ಲಿ ಕೊಚ್ಚಿ ಅಥವಾ ತಿರುವನಂತಪುರಕ್ಕೆ ಹೋಗಿ ಅಲ್ಲಿಂದ ಹಾರುವುದು. ಎರಡು ಬೇರೆ ಬೇರೆ ಟಿಕೆಟ್ ಮಾಡಿದರೆ, ಮೊದಲನೆಯ ವಿಮಾನ ತಡವಾದದ್ದಕ್ಕೆ ಎರಡನೆಯವರು ಜವಾಬ್ದಾರರಲ್ಲ. ಬಜ್ಪೆಯದು ಗುಡ್ಡದ ತುದಿಯ ರನ್‌ವೇ. ಮಂಜು, ಮಳೆ ಜೋರಾದರೆ ವಿಮಾನ ಇಳಿಯದೆ ಬೇರೆ ಊರಿಗೆ ಹೋಗುವುದುಂಟು. ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳಿ.

ಸ್ಪೀಡ್‌ಬೋಟಿನಲ್ಲಿ ಹಿಂದಿನ ಸಾಲಿನಲ್ಲಿ ಕೂರಿ. ಮುಂದೆ ಅಲೆಗೆ ಧಡ್ ಧಡ್ ಅಂತ ಎತ್ತಿಹಾಕುತ್ತದೆ, ಸೊಂಟ ನೋವಿನವರಿಗೆ ಕಷ್ಟ. ವಾಂತಿಯ ಮಾತ್ರೆಯನ್ನು ಹತ್ತುವುದಕ್ಕೆ ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳಿ.

ಹಂತ 4: ಕಾಗದಪತ್ರ

ಸುಲಭ. ಇಳಿದ ಮೇಲೆ ಪ್ರವಾಸಿ ವೀಸಾ ಉಚಿತವಾಗಿ ಸಿಗುತ್ತದೆ. ಪಾಸ್‌ಪೋರ್ಟ್, ವಾಪಸ್ ಟಿಕೆಟ್, ರೂಮಿನ ಬುಕಿಂಗ್ ಇರಲಿ. ಪ್ರಯಾಣಕ್ಕೆ ಮೊದಲಿನ 96 ಗಂಟೆಯೊಳಗೆ ‘ಇಮುಗಾ’ ಎಂಬ ಸರ್ಕಾರಿ ಜಾಲತಾಣದಲ್ಲಿ ಫಾರ್ಮ್ ತುಂಬಿ. ಅದಕ್ಕೆ ದುಡ್ಡಿಲ್ಲ. ಅದೇ ರೀತಿ ಕಾಣುವ ನಕಲಿ ತಾಣಗಳು ಡಾಲರ್ ಕೇಳುತ್ತವೆ. ಹಣ ಕೇಳಿದರೆ ಕೂಡಲೇ ಮುಚ್ಚಿಬಿಡಿ. ವಾಪಸ್ ಬರುವಾಗಲೂ ಇನ್ನೊಮ್ಮೆ ತುಂಬಬೇಕು.

ಹಂತ 5: ಹಣ

ಡಾಲರ್ ಒಯ್ಯಿರಿ, ಚಿಲ್ಲರೆ ನೋಟುಗಳಲ್ಲಿ. ರೂಮಿನ ದರ ನೋಡುವಾಗ ‘ತೆರಿಗೆ ಸೇರಿಯೇ?’ ಅಂತ ಕೇಳಲೇಬೇಕು. ಸಣ್ಣ ಗೆಸ್ಟ್‌ಹೌಸಿನಲ್ಲಿ ತಲೆಗೆ ದಿನಕ್ಕೆ 6 ಡಾಲರ್ ಹಸಿರು ತೆರಿಗೆ ಉಂಟು. 2025ರ ಜುಲೈಯಿಂದ ಪ್ರವಾಸೋದ್ಯಮದ ಜಿಎಸ್‌ಟಿ ಶೇ 17. ಸಾಮಾನ್ಯವಾಗಿ ಇದರ ಜೊತೆಗೆ ಶೇ 10 ಸೇವಾ ಶುಲ್ಕ. ನಾಲ್ಕು ಮಂದಿಯ ಕುಟುಂಬಕ್ಕೆ ಹಸಿರು ತೆರಿಗೆಯೇ ದಿನಕ್ಕೆ 24 ಡಾಲರ್ ಆಯಿತು.

ಹಂತ 6: ಬ್ಯಾಗ್

ಮದ್ಯ ಬೇಡ. ಡ್ಯೂಟಿ ಫ್ರೀಯಲ್ಲಿ ಕೊಂಡದ್ದೂ ಬೇಡ, ಕಸ್ಟಮ್ಸ್‌ನಲ್ಲಿ ತೆಗೆದಿಡುತ್ತಾರೆ. ಹಂದಿ ಮಾಂಸ, ಇ-ಸಿಗರೇಟ್ ಕೂಡ ನಿಷಿದ್ಧ. ಪೂಜೆಯ ವಿಗ್ರಹಗಳಿಗೂ ಅಲ್ಲಿ ನಿಷೇಧವಿದೆ. ಎಲ್ಲಿಗೆ ಹೋದರೂ ಪುಟ್ಟ ಗಣಪತಿಯನ್ನೋ ಕೃಷ್ಣನನ್ನೋ ಜೊತೆಗೆ ಒಯ್ಯುವ ಅಭ್ಯಾಸ ನಮ್ಮ ಹಿರಿಯರಿಗಿದೆ. ಹೊರಡುವ ಮೊದಲು ಪ್ರೀತಿಯಿಂದ ತಿಳಿಸಿ ಹೇಳಿ, ದೇವರನ್ನು ಮನೆಯಲ್ಲೇ ಬಿಟ್ಟು ಬರಲಿ.

ನೀರಿನ ಮೇಲೆ ತೇಲುತ್ತಾ ಕೆಳಗಿನ ಹವಳ, ಮೀನು ನೋಡಲು ಹಾಕುವುದು ಸ್ನಾರ್ಕೆಲ್ ಮಾಸ್ಕ್. ಆನ್‌ಲೈನ್‌ನಲ್ಲಿ ಸಿಗುವ, ಮುಖಪೂರ್ತಿ ಮುಚ್ಚುವಂಥದ್ದನ್ನು ತೆಗೆದುಕೊಳ್ಳಲೇಬೇಡಿ. ಬಿಟ್ಟ ಉಸಿರು ಅದರೊಳಗೇ ನಿಂತು ತಲೆ ಸುತ್ತುವ ಅಪಾಯ ಇದೆ. ಕಣ್ಣು, ಮೂಗು ಮುಚ್ಚುವ ಸಾದಾ ಮಾಸ್ಕ್ ಸಾಕು. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮ ಮುಖಕ್ಕೆ ಸರಿ. ದಪ್ಪ ಮೀಸೆಯವರಿಗೆ ನೀರು ಸೋರುತ್ತದೆ, ಸ್ವಲ್ಪ ವ್ಯಾಸಲೀನ್ ಸವರಿ. ಮೊಬೈಲಿಗೆ ಹಾಕುವ ಪ್ಲಾಸ್ಟಿಕ್ ಚೀಲದೊಳಗೆ ಟಿಶ್ಯೂ ಇಟ್ಟು ಮನೆಯ ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡಿ. ಒದ್ದೆಯಾದರೆ ಎಸೆಯಿರಿ.

ಹಂತ 7: ನೀರಿಗೆ ಇಳಿಯುವುದು

ನಮ್ಮ ಕಡಲ ನೀರು ಕಲಕಿರುತ್ತದೆ, ಆಳ ಕಾಣದ ಕಾರಣ ಹೆದರಿಕೆ ತಾನಾಗಿ ಇರುತ್ತದೆ. ಅಲ್ಲಿ ನೀರು ಗಾಜಿನ ಹಾಗೆ. ಆಳ ಇರುವಲ್ಲೂ ಸೊಂಟದಷ್ಟೇ ನೀರು ಅನ್ನಿಸುತ್ತದೆ. ಹವಳದ ಅಂಚು ಮುಗಿದಲ್ಲಿ ಒಮ್ಮೆಲೇ ಪಾತಾಳ, ಸೆಳೆತವೂ ಜೋರು. ಕಾಪು, ಪಣಂಬೂರಿನಲ್ಲಿ ಈಜಿ ಅಭ್ಯಾಸ ಇದೆ ಅನ್ನುವವರೂ ಲೈಫ್ ಜಾಕೆಟ್ ಹಾಕಲೇಬೇಕು. ಹವಳದ ಮೇಲೆ ಕಾಲಿಡಬೇಡಿ. ಅದು ಜೀವ, ಕಾಲಿಟ್ಟರೆ ಸಾಯುತ್ತದೆ, ನಿಮ್ಮ ಕಾಲೂ ಕೊಯ್ಯುತ್ತದೆ.

ಊರಿರುವ ದ್ವೀಪದಲ್ಲಿ ಈಜುಡುಗೆಗೆ ಪ್ರತ್ಯೇಕ ಬೀಚ್ ಗುರುತಿಸಿರುತ್ತಾರೆ. ಉಳಿದ ಕಡೆ ಹೆಗಲು, ತೊಡೆ ಮುಚ್ಚುವ ಬಟ್ಟೆ. ಚೂಡಿದಾರದಲ್ಲಿ ನೀರಿಗೆ ಇಳಿಯುವುದು ಬೇಡ, ಒದ್ದೆ ಬಟ್ಟೆ ಭಾರವಾಗಿ ಎಳೆಯುತ್ತದೆ. ಉದ್ದ ತೋಳಿನ ಈಜುಡುಗೆ ಹಾಕಿದರೆ ಬಿಸಿಲಿನಿಂದಲೂ ರಕ್ಷಣೆ. ಬೆನ್ನು ಸುಡುವುದು ನೀರಿನಲ್ಲಿ ಗೊತ್ತೇ ಆಗುವುದಿಲ್ಲ, ರಾತ್ರಿ ಮಲಗುವಾಗ ಗೊತ್ತಾಗುತ್ತದೆ.

ಹಂತ 8: ಊಟ

ಮೀನು ತಿನ್ನುವವರಿಗೆ ಹಬ್ಬ. ಬೆಳಗ್ಗೆ ಮಸ್‌ಹುನಿ ಕೇಳಿ ತಿನ್ನಿ: ಟ್ಯೂನಾ, ತೆಂಗಿನ ತುರಿ, ಈರುಳ್ಳಿ, ಮೆಣಸು, ಲಿಂಬೆ ಕಲಸಿ ಬಿಸಿ ರೊಟ್ಟಿಯ ಜೊತೆ ಕೊಡುತ್ತಾರೆ. ತೆಂಗಿನಕಾಯಿಯಲ್ಲಿ ಬೆಳೆದ ನಮ್ಮ ನಾಲಿಗೆಗೆ ತುಂಬಾ ಹಿಡಿಸುತ್ತದೆ. ಸಸ್ಯಾಹಾರಿಗಳು ಮಾತ್ರ ಜಾಗ್ರತೆ. ಸಂಜೆ ತಿಂಡಿಯ ಕರಿದ ಉಂಡೆಯೊಳಗೂ ಮೀನೇ ಇರುತ್ತದೆ. ‘ವೆಜ್’ ಅಂದರೆ ಸಾಲದು, ‘ಮೀನು ಬೇಡ, ಮೀನಿನ ಚೂರು, ಸಾರು ಯಾವುದೂ ಬೇಡ’ ಅಂತ ಬುಕ್ ಮಾಡುವಾಗಲೇ ಹೇಳಿಡಿ. ಅವಲಕ್ಕಿ, ಚಟ್ನಿಪುಡಿ ಸೀಲ್ ಆದ ಪ್ಯಾಕೆಟ್ಟಿನಲ್ಲಿ ಇರಲಿ.

ಹಂತ 9: ವಾಪಸ್

ಸ್ಕೂಬಾ ಡೈವಿಂಗ್ ಮಾಡುವುದಾದರೆ ಮೊದಲ ದಿನಗಳಲ್ಲೇ ಮುಗಿಸಿ, ಅದಾದ 18 ಗಂಟೆ ವಿಮಾನ ಹತ್ತಬಾರದು. ಹವಳ, ಚಿಪ್ಪು, ಮರಳು ಬ್ಯಾಗಿಗೆ ಹಾಕಬೇಡಿ. ಮಕ್ಕಳು ಹೆಕ್ಕಿ ಜೇಬಿನಲ್ಲಿಟ್ಟ ಚೂರುಗಳನ್ನು ಹೊರಡುವ ಮೊದಲು ಬೀಚಿನಲ್ಲೇ ಬಿಡಿಸಿ. ಏರ್‌ಪೋರ್ಟಿನ ಸ್ಕ್ಯಾನರಿನಲ್ಲಿ ಸಿಕ್ಕಿದರೆ ಬ್ಯಾಗ್ ಪೂರ್ತಿ ಬಿಚ್ಚಿಸುತ್ತಾರೆ.