ಊಟಿ ಟೂರ್‌ಗೆ ಥರ್ಮಾಮೀಟರ್ ಒಯ್ದ ಕತೆ

ನಮ್ಮದು ಕರಾವಳಿಯ ಹೈಸ್ಕೂಲು. ಡಿಸೆಂಬರ್ ಬಂತೆಂದರೆ ಮೈಸೂರು, ಊಟಿ ಪ್ರವಾಸ. ಬೆಟ್ಟದ ಮೇಲೆ ನೀರು ನೂರು ಡಿಗ್ರಿಗಿಂತ ಮೊದಲೇ ಕುದಿಯುವುದನ್ನು ಮಕ್ಕಳಿಗೆ ತೋರಿಸಲು ಥರ್ಮಾಮೀಟರ್ ತೆಗೆದುಕೊಂಡು ಹೋಗೋಣ ಅಂದಾಗ ಸ್ಟಾಫ್ ರೂಮಿನಲ್ಲಿ ನಗು. "ಮಕ್ಕಳಿಗೆ ಜ್ವರ ಬಂದರೆ ನೋಡಲಿಕ್ಕಾ ಸರ್?" ಅಂತ ಒಬ್ಬರು ಕೇಳಿದರು.

ಮೊದಲ ವರ್ಷ ಗೆದ್ದದ್ದು ಅವರೇ. ಲಾಡ್ಜಿನಲ್ಲಿ ಕರೆಂಟ್ ಕೆಟಲ್ ಇಟ್ಟರೆ, ನೀರು ಕುದಿ ಬಂದ ಕೂಡಲೇ ಅದು ತಾನಾಗಿ ಆಫ್. ರೀಡಿಂಗ್ ನಿಲ್ಲುವುದೇ ಇಲ್ಲ. ಥರ್ಮಾಮೀಟರ್‌ಗಳು ಒಂದೊಂದೂ ಒಂದೊಂದು ಲೆಕ್ಕ ಹೇಳಿದವು. ನೂರೈವತ್ತರ ಹಾಗೆ ಕೊಟ್ಟು ತಂದದ್ದು, ಒಂದು ಬಸ್ಸಿನಲ್ಲೇ ಒಡೆಯಿತು. ದುಡ್ಡು ನನ್ನ ಜೇಬಿನದ್ದು!

ಮುಂದಿನ ಸಲ ಹೊರಡುವ ಮೊದಲೇ ಎಲ್ಲವನ್ನೂ ಊರಲ್ಲಿ ಒಂದೇ ಪಾತ್ರೆಯ ಕುದಿನೀರಿಗೆ ಇಳಿಸಿದೆವು. ಯಾವುದು ನೂರಕ್ಕಿಂತ ಎಷ್ಟು ಆಚೀಚೆ ತೋರಿಸುತ್ತದೆ ಅಂತ ಚೀಟಿ ಅಂಟಿಸಿದೆವು. ಕೆಟಲ್ ಬಿಟ್ಟು, ಜೊತೆಗೆ ಬರುವ ಅಡುಗೆ ಭಟ್ಟರ ಗ್ಯಾಸ್ ಒಲೆ ಹಿಡಿದೆವು. ಮೈಸೂರಲ್ಲಿ ನೀರು ಕುದಿದದ್ದು 97 ಡಿಗ್ರಿ ಹತ್ತಿರ. ಊಟಿ 2,200 ಮೀಟರ್‌ಗಿಂತ ಎತ್ತರ, ಅಲ್ಲಿ 93ಕ್ಕಿಂತ ತುಸು ಕೆಳಗೆ. 300 ಮೀಟರ್ ಮೇಲೇರಿದರೆ ಕುದಿಯುವ ಬಿಸಿ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ ಅಂತ ನಾವು ಮೇಷ್ಟ್ರುಗಳೆಲ್ಲ ಬೋರ್ಡಿನ ಮೇಲೆ ಬರೆಯುತ್ತೇವಲ್ಲ, ಅದೇ. ಭಟ್ಟರು ಇಣುಕಿ ನೋಡಿ, "ಅದಕ್ಕೇ ಇಲ್ಲಿ ಕುಚ್ಚಲಕ್ಕಿ ಬೇಗ ಬೇಯುವುದಿಲ್ಲ ಮಾರಾಯ್ರೆ" ಅಂದರು. ನನ್ನ ಪಾಠಕ್ಕಿಂತ ಅದೇ ಮಕ್ಕಳ ತಲೆಗೆ ಜಾಸ್ತಿ ಹೋಯಿತು. ಹಾಗಾದರೆ ಕುಕ್ಕರ್‌ನಲ್ಲಿ ಯಾಕೆ ಬೇಯುತ್ತದೆ ಅಂತ ಒಬ್ಬಳು ಕೇಳಿಯೇಬಿಟ್ಟಳು. ಊಟ ಅರ್ಧ ಗಂಟೆ ತಡ.

ಸುಮ್ನೆ ಇನ್ನೊಂದು ಮಾಡಿದೆವು. ನೀಲಗಿರಿಗೆ ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯುವ ಹಾಗಿಲ್ಲ, ಒಳ್ಳೆಯದೇ ಆಯಿತು. 750 ಮಿಲಿಯ ಗಾಜಿನ ಬಾಟಲಿಯನ್ನು ಊಟಿಯಲ್ಲಿ ಖಾಲಿಯಾಗಿಯೇ ಬಿಗಿದು ತಂದೆವು. ಊರಲ್ಲಿ ಬಕೆಟ್ ನೀರಿನೊಳಗೆ ತಲೆಕೆಳಗಾಗಿ ಹಿಡಿದು ಮುಚ್ಚಳ ತೆಗೆದರೆ ನೀರು ಬುಳಕ್ಕನೆ ಒಳಗೆ ನುಗ್ಗಿತು. ಒಳಗಿದ್ದ ಊಟಿಯ ಗಾಳಿಗಿಂತ ಊರಿನ ಗಾಳಿಯ ಒತ್ತಡ ಜಾಸ್ತಿ, ಅದೇ ನೀರನ್ನು ಒಳಗೆ ತಳ್ಳಿದ್ದು. ಅಳೆದಾಗ 140 ಮಿಲಿ ಆಸುಪಾಸು. ಬೆಟ್ಟದ ಗಾಳಿ ಎಷ್ಟು ತೆಳು ಅಂತ ಕಣ್ಣಿಗೇ ಕಂಡಿತು, ಅಲ್ವಾ? ಅದಕ್ಕೂ ಮೊದಲು ತಂದ ಬಾಟಲಿಗಳು ದಾರಿಯಲ್ಲೇ ಗಾಳಿ ಎಳೆದುಕೊಂಡಿದ್ದವು. ಮುಚ್ಚಳ ಸೋರದ ಹಾಗೆ ಏನು ಮಾಡಿದೆ ಅಂತ ಮಾತ್ರ ಈಗ ಕೇಳಬೇಡಿ, ವಿಜ್ಞಾನ ಮೇಳ ಮುಗಿಯಲಿ.

ಈಗ ನೀರು ಎಷ್ಟಕ್ಕೆ ಕುದಿಯುತ್ತದೆ ಅಂದರೆ, "ಯಾವ ಊರಲ್ಲಿ ಸರ್?" ಅನ್ನುತ್ತಾರೆ. ಈ ಸಲ ಮಡಿಕೇರಿ, 1,150 ಮೀಟರ್ ಇರಬಹುದು. ಮಕ್ಕಳು ಗ್ರಾಫ್ ನೋಡಿ 96 ಅಂತ ಈಗಲೇ ಬರೆದಿಟ್ಟಿದ್ದಾರೆ. ಗಣಿತದ ಮೇಷ್ಟ್ರು 97 ಅನ್ನುತ್ತಾರೆ. ಸೋತವರು ಎಲ್ಲರಿಗೂ ಚಹಾ ಕೊಡಿಸಬೇಕು.